ಆಸ್ಪತ್ರೇಲಿ ನರ್ಸ್ ಕೊಟ್ಟ ಜ್ಞಾನಸ್ನಾನ (ಬ್ಯಾಪ್ಟಿಸಂ): ಮತ್ತೆ ಮಾಡಿಸಬೇಕಾ?

ಮೇಗರವಳ್ಳಿ ಮಳೆ
ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ಇಲ್ಲಿ ಓದ್ತಿದ್ದೆ, ಬರೀತಿರೋದು ಇದೇ ಮೊದಲು. ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಫೋನ್. ಅಕ್ಷರ ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ.

ಆಷಾಢದಲ್ಲಿ ಶಿವಮೊಗ್ಗದ ಕೋರ್ಪಲಯ್ಯನ ಛತ್ರದ ಹತ್ತಿರ ಮಂಟಪ ಮುಳುಗಿ, ಜನ ಎಲ್ಲ ಹೊಳೆ ನೋಡೋಕೆ ಓಡಿದ ವಾರ. ನನಗೆ ಎಂಟು ತುಂಬೋ ಮೊದಲೇ ನೋವು ಬಂತು. ತವರಿನಿಂದ ಆಂಬುಲೆನ್ಸಲ್ಲಿ ಮಂಡಗದ್ದೆ, ಗಾಜನೂರು ದಾಟಿ ಶಿವಮೊಗ್ಗ ಮುಟ್ಟಿದ್ದೇ ದೊಡ್ಡದು. ಮಗು ಒಂದು ಕಿಲೋ ನಾನೂರು ಗ್ರಾಂ. ಮೂರನೇ ರಾತ್ರಿ ಉಸಿರು ನಿಂತು ನಿಂತು ಬರ್ತಿತ್ತಂತೆ. ನಾನು ಮೇಲಿನ ವಾರ್ಡಲ್ಲಿ, ನಮ್ಮಮ್ಮ ಕೆಳಗೆ ಗಾಜಿನ ಹೊರಗೆ ಜಪಸರ ಹಿಡ್ಕೊಂಡು ಕೂತಿದ್ರು. ಊರಿನ ಫಾದರ್‌ಗೆ ಫೋನ್ ಹೋಗ್ತಿಲ್ಲ, ಹೋದ್ರೂ ಮರ ಬಿದ್ದು ರಸ್ತೆ ಬಂದ್.

ಒಳಗಿದ್ದ ನರ್ಸ್ ಜಪಸರ ನೋಡಿ ಹೊರಗೆ ಬಂದು, "ಅಮ್ಮಾ, ನಿಮ್ಮಲ್ಲಿ ನೀರು ಹಾಕೋ ಪದ್ಧತಿ ಇದೆಯಲ್ಲ, ಹಾಕ್ಲಾ? ಏನು ಹೇಳ್ಬೇಕು ಬರೆದುಕೊಡಿ" ಅಂದ್ರಂತೆ. ಅಮ್ಮ ಔಷಧಿ ಚೀಟಿಯ ಹಿಂದೆ ಬರೆದುಕೊಟ್ರು. ನರ್ಸ್ ಸೂಜಿ ಇಲ್ಲದ ಸಿರಿಂಜಲ್ಲಿ ನೀರು ತಗೊಂಡು, ಮಗುವನ್ನ ಬೆಚ್ಚಗಿಡೋ ಆ ಗಾಜಿನ ಪೆಟ್ಟಿಗೆಯ ಕಿಂಡಿಯೊಳಗೆ ಕೈ ಹಾಕಿ, ಹಣೆ ಮೇಲೆ ಮೂರು ಸಲ ಹರಿಸಿ, ಚೀಟಿ ನೋಡ್ಕೊಂಡು ಓದಿದ್ರು: "ಪಿತನ, ಸುತನ ಮತ್ತು ಪವಿತ್ರಾತ್ಮರ ನಾಮದಲ್ಲಿ ನಾನು ನಿನಗೆ ಜ್ಞಾನಸ್ನಾನ ಕೊಡುತ್ತೇನೆ." ಅಮ್ಮ ಗಾಜಿನಿಂದ ನೋಡಿದ್ದಾರೆ. ನರ್ಸ್ ನಮ್ಮವರಲ್ಲ, ಹಣೆಗೆ ಕುಂಕುಮ ಇಡೋರು.

ಮಗ ಉಳ್ಕೊಂಡ. ಈಗ ನಾಲ್ಕು ತಿಂಗಳು, ಕೂಗಿದ್ರೆ ತೋಟದಾಚೆ ಕೇಳುತ್ತೆ.

ಈಗ ಪಂಚಾಯ್ತಿ ಶುರು. ನಾನು ಕಥೋಲಿಕಳು, ಯಜಮಾನರ ಮನೆ ಸಿಎಸ್‌ಐ, ಅಂದ್ರೆ ಚರ್ಚ್ ಆಫ್ ಸೌತ್ ಇಂಡಿಯಾ ಅನ್ನೋ ಪ್ರೊಟೆಸ್ಟೆಂಟ್ ಸಭೆ. ಅತ್ತೆ ಅಂತಾರೆ, "ಕ್ರೈಸ್ತರೇ ಅಲ್ಲದವರು ಹಾಕಿದ ನೀರು ಲೆಕ್ಕಕ್ಕಿಲ್ಲ, ಸರಿಯಾಗಿ ಮಾಡಿಸೋಣ." ಪ್ರಾರ್ಥನಾ ಮಂದಿರಕ್ಕೆ ಹೋಗೋ ಚಿಕ್ಕತ್ತೆ, "ಕೂಸಿಗೆ ಎಂತ ಜ್ಞಾನ, ಎಂತ ಸ್ನಾನ? ದೊಡ್ಡವನಾಗಿ ನಂಬಿ ಹೊಳೆಗೆ ಇಳೀಲಿ" ಅಂತಾರೆ. ಮತ್ತೊಂದ್ಸಲ ಮಾಡಿದ್ರೆ ನಷ್ಟ ಏನು ಅಂತ ಯಜಮಾನರು. ನನಗೆ ಮಾತ್ರ ಹಾಗೆ ಮಾಡಿದ್ರೆ ಆ ರಾತ್ರಿ ನಡೆದದ್ದು ಸುಳ್ಳು ಅಂದಂಗೆ ಆಗುತ್ತೆ ಅನ್ಸುತ್ತೆ. ಗೊತ್ತಿದ್ದೋರು ಹೇಳಿ.

ನಿವೃತ್ತ ಉಪದೇಶಿ, ಸಾಗರ
ಮೊದಲು ಮಗುವಿಗೆ ಆಶೀರ್ವಾದ. ನೇರ ಉತ್ತರ ಹೇಳಿಬಿಡುತ್ತೇನೆ ತಂಗಿ: ಮತ್ತೆ ಮಾಡಿಸಬೇಕಾಗಿಲ್ಲ, ಮಾಡಿಸಲೂಬಾರದು.

ನೀರು ಹರಿಯಿತು. ತ್ರಿತ್ವದ ಹೆಸರು ಹೇಳಿದರು. ಧರ್ಮಸಭೆ (ಚರ್ಚು) ಏನು ಮಾಡುತ್ತದೋ ಅದನ್ನೇ ಮಾಡಬೇಕೆಂಬ ಮನಸ್ಸು ಇತ್ತು. ಅಷ್ಟಿದ್ದರೆ ಆಯಿತು. ಪ್ರಾಣಾಪಾಯದಲ್ಲಿ ಯಾರು ಬೇಕಾದರೂ ಜ್ಞಾನಸ್ನಾನ ಕೊಡಬಹುದು. ಇದು ಈಗಿನವರು ಸಡಿಲ ಬಿಟ್ಟದ್ದಲ್ಲ. 1439ರಲ್ಲಿ ಫ್ಲಾರೆನ್ಸ್ ಮಹಾಸಭೆ ಅರ್ಮೇನಿಯದವರಿಗಾಗಿ ಹೊರಡಿಸಿದ ಪತ್ರದಲ್ಲೇ, ತುರ್ತಿನಲ್ಲಿ ಹೆಂಗಸೂ ಕೊಡಬಹುದು, ಕ್ರೈಸ್ತರಲ್ಲದವರೂ ಕೊಡಬಹುದು ಎಂದಿದೆ. ಜ್ಞಾನಸ್ನಾನವೂ ಸೇರಿ ಏಳು ಸಂಸ್ಕಾರಗಳನ್ನು (ಸಾಕ್ರಮೆಂಟುಗಳನ್ನು) ಒಂದೊಂದಾಗಿ ವಿವರಿಸಿರುವುದೂ ಅದೇ ಪತ್ರ. 1983ರ ಕಥೋಲಿಕ ಧರ್ಮಸಭೆಯ ಕಾನೂನು ಸಂಹಿತೆಯ 861ನೇ ವಿಧಿಯೂ ಇದನ್ನೇ ಹೇಳುತ್ತದೆ.

"ಮತ್ತೊಂದ್ಸಲ ಮಾಡಿದ್ರೆ ನಷ್ಟ ಏನು" ಎಂಬ ಮಾತಿಗೆ: ಜ್ಞಾನಸ್ನಾನ, ದೃಢೀಕರಣ (ನಂಬಿಕೆಯನ್ನು ಗಟ್ಟಿಮಾಡುವ ಸಂಸ್ಕಾರ), ಗುರುದೀಕ್ಷೆ (ಫಾದರ್ ಆಗುವಾಗಿನದು) ಈ ಮೂರು ಆತ್ಮಕ್ಕೆ ಒತ್ತಿದ ಮುದ್ರೆ. ಬದುಕಿನಲ್ಲಿ ಒಂದೇ ಸಲ. ಪರಮಪ್ರಸಾದ (ಪೂಜೆಯಲ್ಲಿ ಕೊಡುವ ಅಪ್ಪ), ಪಾಪನಿವೇದನೆ ಹಾಗಲ್ಲ, ಹಸಿವಾದಾಗಲೆಲ್ಲ ಊಟ, ಕೊಳೆಯಾದಾಗಲೆಲ್ಲ ತೊಳೆತ. ಹುಟ್ಟು ಮಾತ್ರ ಎರಡು ಸಲ ಆಗುವುದಿಲ್ಲವಲ್ಲ.

ನಮ್ಮ ಕಾಲದಲ್ಲಿ ಒಳಹಳ್ಳಿಗಳಿಗೆ ಫಾದರ್ ಬರುತ್ತಿದ್ದದ್ದು ತಿಂಗಳಿಗೊಮ್ಮೆ. ಮಳೆಗಾಲದಲ್ಲಿ ಅದೂ ಇಲ್ಲ. ಅದಕ್ಕೇ ಸೂಲಗಿತ್ತಿಯರಿಗೆ ಆ ಒಂದು ಸಾಲು ಬಾಯಿಪಾಠ ಮಾಡಿಸುತ್ತಿದ್ದೆವು. ಒಬ್ಬಾಕೆ ಭಕ್ತಿ ಉಕ್ಕಿ ಎಳನೀರು ಹಾಕಿಬಿಟ್ಟಿದ್ದಳು! ಅದು ನಡೆಯುವುದಿಲ್ಲ. ಪನ್ನೀರೂ ಇಲ್ಲ, ಹಾಲೂ ಇಲ್ಲ. ಬಾವಿಯದೋ ನಲ್ಲಿಯದೋ ಸಿರಿಂಜಿನದೋ, ಬರೀ ನೀರಾಗಿರಬೇಕು.

ಆ ಚೀಟಿ ಇದೆಯೇ? ಇದ್ದರೆ ಜೋಪಾನ.

ಪೇಪರ್‌ಟೌನ್ ತಂಬಿ
ಮಾಸ್ತರೇ, ಎಳನೀರು ಹಾಕಿದ ಮಗು ಏನಾಯ್ತು, ಅದನ್ನ ಹೇಳದೆ ಹೋದ್ರಿ.

ನಿವೃತ್ತ ಉಪದೇಶಿ, ಸಾಗರ
ಗಟ್ಟಿಯಾಗಿ ಉಳಿಯಿತು. ಮುಂದಿನ ತಿಂಗಳು ಫಾದರ್ ಬಂದಾಗ ನೀರಿನಲ್ಲಿ ಕೊಟ್ಟರು. ಆಗ ಅದು ಎರಡನೆಯದಲ್ಲ, ಮೊದಲನೆಯದೇ.

ಹೊಳೆಗೆ ಇಳಿದವ
ಸಹೋದರಿ, ಮಗು ಬದುಕಿದ್ದು ಕರ್ತನ ಕೃಪೆ, ಸಿರಿಂಜಿನ ನೀರಲ್ಲ. ಮನಸ್ಸು ನೋಯಿಸೋಕೆ ಹೇಳ್ತಿಲ್ಲ. ನನಗೂ ತಿಂಗಳ ಕೂಸಿದ್ದಾಗ ನೀರು ಹಾಕಿದ್ರು. ಅದರ ಸರ್ಟಿಫಿಕೇಟ್ ಶಾಲೆಗೆ ಸೇರಿಸೋಕೆ ಉಪಯೋಗಕ್ಕೆ ಬಂತು, ಅಷ್ಟೆ. ಕುಡಿದು ಮನೆ ಹಾಳು ಮಾಡ್ಕೊಂಡು, ಮೂವತ್ತೆರಡನೇ ವಯಸ್ಸಲ್ಲಿ ನಂಬಿ, ತುಂಗೆಗೆ ಎದೆಮಟ್ಟ ಇಳಿದು ಮುಳುಗಿ ಎದ್ದೆನಲ್ಲ, ಅದು ನನ್ನ ದೀಕ್ಷಾಸ್ನಾನ. ನೀವು ಜ್ಞಾನಸ್ನಾನ ಅನ್ನೋದಕ್ಕೆ ನಾವು ಹೇಳೋ ಹೆಸರು ಇದು.

ಮಾರ್ಕ 16:16 ನೋಡಿ. ಮೊದಲು ನಂಬಿಕೆ, ಆಮೇಲೆ ಸ್ನಾನ. ಅಪೊಸ್ತಲರ ಕೃತ್ಯಗಳು 8ರಲ್ಲಿ ಐಥಿಯೋಪ್ಯದ ಅಧಿಕಾರಿ "ಇಗೋ ನೀರು, ನನಗೇನು ಅಡ್ಡಿ?" ಅಂತ ತಾನೇ ಕೇಳ್ತಾನೆ. ಕೇಳೋಕೆ ಬಾಯಿ ಬೇಕು, ಬಾಯಿಗಿಂತ ಮೊದಲು ಮನಸ್ಸು ಬೇಕು. ರೋಮಾಪುರ 6ರಲ್ಲಿ ಪೌಲ ಹೇಳೋದು ಕ್ರಿಸ್ತನ ಜೊತೆ ಹೂಣಲ್ಪಡೋದು. ಹಣೆಗೆ ನಾಲ್ಕು ಹನಿ ಮಣ್ಣು ಉದುರಿಸಿ ಹೂತೆವು ಅನ್ನಕ್ಕಾಗುತ್ತಾ?

ಸಭೆಯ ಹಿಂದಿನ ಬೆಂಚು
ಹನಿ ಮಣ್ಣಿನ ಮಾತು ಚೆನ್ನಾಗಿದೆ ಮಾರಾಯ್ರೆ, ಒಪ್ಪಿದೆ. ಆದರೂ ಒಂದು ತಕರಾರು.

ನಾನು ಶಿವಮೊಗ್ಗದ ಸಿಎಸ್‌ಐ. ನಮ್ಮದು 1947ರ ಸೆಪ್ಟೆಂಬರಲ್ಲಿ ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಶನಲ್ ಎಲ್ಲ ಸೇರಿ ಆದ ಸಭೆ. ಸಂಸ್ಕಾರ ಅಂತ ನಾವು ಹಿಡಿಯೋದು ಎರಡನ್ನೇ, ದೀಕ್ಷಾಸ್ನಾನ ಮತ್ತು ಕರ್ತನ ಭೋಜನ. ಯೇಸುವೇ ಬಾಯಿಬಿಟ್ಟು ಮಾಡಿ ಅಂದದ್ದು ಆ ಎರಡನ್ನು ಅನ್ನೋದು ಲೆಕ್ಕ. ಮದುವೆ, ದೃಢೀಕರಣ ಎಲ್ಲ ನಮ್ಮಲ್ಲೂ ಇದೆ, ಆ ಹೆಸರಿಂದ ಕರೆಯಲ್ಲ. ಕಥೋಲಿಕರು ಏಳು ಅಂತ 1547ರಲ್ಲಿ ಟ್ರೆಂಟ್ ಮಹಾಸಭೆಯಲ್ಲಿ ಗೆರೆ ಎಳೆದ್ರು. ಲೂಥರ್ ಕಡೆಯವರಿಗೆ ಉತ್ತರವಾಗಿ ಎಳೆದ ಗೆರೆ ಅದು.

ಆದ್ರೆ ಈ ಹೆಂಗಸಿನ ಪ್ರಶ್ನೆಗೆ ಏಳೋ ಎರಡೋ ಮುಖ್ಯ ಅಲ್ಲ. ಎರಡೂ ಕಡೆ ಪಟ್ಟಿಯಲ್ಲಿ ಮೊದಲು ಇರೋದು ಇದೇ ಸ್ನಾನ. ನಮ್ಮಲ್ಲಿ ಕೂಸಿಗೂ ಕೊಡ್ತಾರೆ, ದೊಡ್ಡವರಾಗಿ ಕೇಳಿದವರಿಗೂ ಕೊಡ್ತಾರೆ. ಒಮ್ಮೆ ಆದವರಿಗೆ ಮಾತ್ರ ಮತ್ತೆ ಕೊಡಲ್ಲ. ಎಫೆಸ 4:5, ಕರ್ತನು ಒಬ್ಬನೇ, ನಂಬಿಕೆ ಒಂದೇ, ದೀಕ್ಷಾಸ್ನಾನ ಒಂದೇ. ನಿಮ್ಮ ಅತ್ತೆಯವರಿಗೆ ಇದನ್ನು ತೋರಿಸಿ. ನರ್ಸ್ ಯಾವ ದೇವರಿಗೆ ಕೈ ಮುಗಿತಾರೆ ಅನ್ನೋದು ಅವರಿಗೆ ಬಿಟ್ಟದ್ದು. ಹೇಳಿದ ಹೆಸರು ಯಾರದು ಅನ್ನೋದಷ್ಟೇ ಇಲ್ಲಿ ಕೇಳಬೇಕಾದ್ದು.

ಹೊಳೆಗೆ ಇಳಿದವರಿಗೆ: ನೀವು ಮೂವತ್ತೆರಡಕ್ಕೆ ನಂಬಿದ್ದು, ತಿಂಗಳ ಕೂಸಿದ್ದಾಗ ಬಿದ್ದ ನೀರು ತಡವಾಗಿ ಬೇರು ಬಿಟ್ಟದ್ದು ಯಾಕಾಗಿರಬಾರದು? ಅಡಿಕೆ ಹಾಕಿದ ವರ್ಷವೇ ಗೊನೆ ಕೇಳ್ತೀರಾ?

ಹೊಳೆಗೆ ಇಳಿದವ
ಅಡಿಕೆಗೆ ಆಯ್ಕೆ ಇಲ್ಲ, ಅಣ್ಣಾ. ಮನುಷ್ಯನಿಗಿದೆ.

ಸೊರಬದ ಶರಣ
ನಡುವೆ ಬಾಯಿ ಹಾಕ್ತಿದ್ದೀನಿ, ನಾನು ಲಿಂಗಾಯತ. ಹೊರಗಿನವನಿಗೆ ಇದು ತುಂಬ ಪರಿಚಯದ ಜಗಳ ಅನ್ಸ್ತಿದೆ. ನಮ್ಮಲ್ಲಿ ಗರ್ಭಕ್ಕೇ ಎಂಟನೇ ತಿಂಗಳಲ್ಲಿ ಲಿಂಗಧಾರಣೆ ಮಾಡೋ ಪದ್ಧತಿ ಇದೆ, ಹುಟ್ಟಿದ ಕೂಸಿಗೂ ಕಟ್ತಾರೆ. ದೊಡ್ಡವನಾದ ಮೇಲೆ ಗುರುವಿನಿಂದ ದೀಕ್ಷೆ ಬೇರೆ. ಕೂಸಿಗೆ ಏನು ತಿಳಿಯುತ್ತೆ ಅಂತ ನಮ್ಮಜ್ಜನ್ನ ಕೇಳಿದ್ದೆ. "ಹಾಲು ಕುಡಿಸುವಾಗ ಹಾಲಂದ್ರೆ ಏನು ಅಂತ ಹೇಳಿಕೊಟ್ಟು ಕುಡಿಸ್ತಾರೇನೋ" ಅಂದ್ರು.

ಒಂದು ಪ್ರಶ್ನೆ ಇದೆ. ನೀವು "ಸಂಸ್ಕಾರ", "ಪ್ರಸಾದ" ಅಂತ ಬಳಸ್ತೀರಿ. ನಮ್ಮೂರಲ್ಲಿ ಬರೀ ಸಂಸ್ಕಾರ ಅಂದ್ರೆ ಹೆಣ ಎತ್ತೋದೇ ನೆನಪಾಗೋದು. ವೈದಿಕರಿಗೆ ಹದಿನಾರು ಸಂಸ್ಕಾರ. ಪ್ರಸಾದ ನಮ್ಮ ಅಷ್ಟಾವರಣದಲ್ಲಿ ಒಂದು. ನಿಮ್ಮ ಮೂಲ ಪದ ಯಾವುದು?

ನಿವೃತ್ತ ಉಪದೇಶಿ, ಸಾಗರ
ಒಳ್ಳೆಯ ಪ್ರಶ್ನೆ ಸ್ವಾಮಿ. ಲ್ಯಾಟಿನ್ನಿನಲ್ಲಿ ಸಾಕ್ರಮೆಂತುಮ್. ರೋಮಿನ ಸಿಪಾಯಿ ದಂಡಿಗೆ ಸೇರುವಾಗ ಮಾಡುತ್ತಿದ್ದ ಆಣೆಗೆ ಆ ಹೆಸರಿತ್ತು. ಗ್ರೀಕಿನಲ್ಲಿ ಮಿಸ್ತೇರಿಯೋನ್, ಅಂದರೆ ಗುಟ್ಟು, ರಹಸ್ಯ. ಆಣೆಯಲ್ಲಿ ಮನುಷ್ಯನ ಮಾತಿದೆ, ರಹಸ್ಯದಲ್ಲಿ ದೇವರ ಕೆಲಸವಿದೆ. ಹೊಳೆಗೆ ಇಳಿದವರು ಆಣೆಯನ್ನು ಹಿಡಿದು ಎಳೆಯುತ್ತಿದ್ದಾರೆ, ನಾನು ರಹಸ್ಯವನ್ನು.

ಕನ್ನಡದ "ಸಂಸ್ಕಾರ" ಎರಡಕ್ಕೂ ನೇರ ಅನುವಾದ ಅಲ್ಲ, ಆದರೂ ಕೆಟ್ಟ ಆಯ್ಕೆಯಲ್ಲ ಎಂದು ನನ್ನ ಭಾವನೆ. ಇದ್ದದ್ದನ್ನು ಹದಗೊಳಿಸಿ ಬೇರೆಯದನ್ನಾಗಿ ಮಾಡುವುದು ಅದರ ಅರ್ಥ.

ಪೇಪರ್‌ಟೌನ್ ತಂಬಿ
ನಮ್ಮ ತಾತ ಕಬ್ಬಿಣದ ಕಾರ್ಖಾನೆ ಕೆಲಸಕ್ಕೆ ಭದ್ರಾವತಿಗೆ ಬಂದೋರು. ಪಾಟಿ ಸಾಯೋವರೆಗೂ ತಮಿಳಲ್ಲೇ ಜಪ. ಅವರು ಸಂಸ್ಕಾರಕ್ಕೆ "ದೇವದ್ರವ್ಯ ಅನುಮಾನಂ" ಅಂತಿದ್ರು. ನನಗೆ ಕನ್ನಡದ ಅನುಮಾನ ಗೊತ್ತಿತ್ತು, ದೇವರ ದುಡ್ಡಿನ ಮೇಲೆ ಡೌಟು ಅಂತ ಹತ್ತು ವರ್ಷದವರೆಗೂ ತಿಳ್ಕೊಂಡಿದ್ದೆ. ಆಮೇಲೆ ಗೊತ್ತಾಯ್ತು, ದೇವರ ಸಂಪತ್ತಿನ ಗುರುತು ಅನ್ನೋ ಥರ ಅರ್ಥ. ಹೊಗೆ ಕಂಡು ಬೆಂಕಿ ಇದೆ ಅಂತ ತಿಳಿಯೋದು ಅನುಮಾನ ಅಲ್ವಾ ತರ್ಕದಲ್ಲಿ, ಹಾಗೆ. ಎಷ್ಟು ಚೆಂದದ ಪದ, ಈಗ ಯಾರೂ ಹೇಳಲ್ಲ.

ಇನ್ನೊಂದು ಹಳೇ ಡೌಟು, ಬೈಬೇಡಿ. ಪೂಜೆಗೆ ಗೋಧಿ ಅಪ್ಪವೇ ಯಾಕೆ? ಮಲೆನಾಡಲ್ಲಿ ಗೋಧಿ ಬೆಳೆದವರುಂಟಾ? ಅಕ್ಕಿ ರೊಟ್ಟಿ ಆಗಲ್ವಾ?

ನಿವೃತ್ತ ಉಪದೇಶಿ, ಸಾಗರ
ಆಗುವುದಿಲ್ಲ. ಗೋಧಿ ಮತ್ತು ದ್ರಾಕ್ಷಿ, ಸಂಹಿತೆಯ 924ನೇ ವಿಧಿ. ಯೇಸು ಕೈಯಲ್ಲಿ ಹಿಡಿದದ್ದು ಅದು ಎಂಬುದೇ ಕಾರಣ. ನನಗೂ ಒಮ್ಮೊಮ್ಮೆ ಅಕ್ಕಿಯ ನೆಲದಲ್ಲಿ ಇದು ಪರದೇಶಿ ಊಟ ಅನ್ನಿಸಿದ್ದಿದೆ. ಆದರೆ ಸೆಪ್ಟೆಂಬರ್ 8ಕ್ಕೆ ಮರಿಯಮ್ಮನ ಹಬ್ಬದಲ್ಲಿ ಹೊಸ ಭತ್ತದ ತೆನೆಯನ್ನು ಆಶೀರ್ವದಿಸಿ ಮನೆಗೆ ತಂದು, ಸುಲಿದು ಹಾಲಿನಲ್ಲಿ ಹಾಕಿ ಕುಡಿಯುತ್ತೇವಲ್ಲ, ಅಲ್ಲಿ ಅಕ್ಕಿಗೆ ಜಾಗ ಸಿಕ್ಕಿದೆ. ಅದು ಸಂಸ್ಕಾರ ಅಲ್ಲ. ತೀರ್ಥ, ಬೂದಿ ಬುಧವಾರದ ಬೂದಿ, ಗರಿಗಳ ಭಾನುವಾರದ ಗರಿ, ಇವೆಲ್ಲ ಅದೇ ಸಾಲಿನವು. ಭಕ್ತಿಗೆ ನೆರವು, ಅಷ್ಟೇ.

ಎನ್.ಆರ್.ಪುರ ರಬ್ಬರ್
ನಮ್ಮ ಹತ್ತಿರದ ಯಾಕೋಬಾಯ (ಸುರಿಯಾನಿ ಕ್ರೈಸ್ತರ) ಪಳ್ಳಿಯಲ್ಲಿ, ಅಂದ್ರೆ ಚರ್ಚಿನಲ್ಲಿ, ಹುಳಿ ಬರಿಸಿದ ರೊಟ್ಟಿ. ನಮ್ಮಲ್ಲಿ ಹುಳಿ ಇಲ್ಲದ್ದು. ಇದರ ಮೇಲೆ ಸಾವಿರ ವರ್ಷ ಜಗಳ ಆಡಿದ್ದಾರೆ, ಈಗ ಬೇಡ.

ನಾವು ಸೀರೋ ಮಲಬಾರ್, ಅಂದರೆ ಸುರಿಯಾನಿ ಸಂಪ್ರದಾಯದ ಕಥೋಲಿಕರು, ಅಪ್ಪ ಕೇರಳದಿಂದ ಬಂದು ಇಲ್ಲಿ ಕಾಡು ಕಡಿದು ತೋಟ ಮಾಡಿದವರು. ಈಗ 2007ರಿಂದ ಭದ್ರಾವತಿಯಲ್ಲೇ ನಮ್ಮ ಧರ್ಮಪ್ರಾಂತ್ಯ ಇದೆ. ಹೇಳಬೇಕಾದ್ದು ಒಂದೇ. ಸುರಿಯಾನಿ ಸಂಪ್ರದಾಯದಲ್ಲಿ ನೀರು ಹಾಕುವಾಗ ಅಚ್ಚನ್ (ಫಾದರ್) "ನಾನು ನಿನಗೆ ಕೊಡುತ್ತೇನೆ" ಅನ್ನಲ್ಲ. "ಇಂಥವನು ಪಿತನ, ಸುತನ, ಪವಿತ್ರಾತ್ಮನ ಹೆಸರಿನಲ್ಲಿ ಸ್ನಾನ ಹೊಂದುತ್ತಿದ್ದಾನೆ" ಅಂತಾರೆ. ಕೊಡುವವರ ಸುದ್ದಿಯೇ ಇಲ್ಲ ಅಲ್ಲಿ. ಕನ್ನಡದಲ್ಲಿ ಹೇಳಿದರೆ ಪೆದ್ದು ಪೆದ್ದಾಗಿ ಕೇಳುತ್ತೆ, ಯಾಕೆಂದರೆ ನಮಗೆ ಯಾರು ಮಾಡಿದ್ದು ಅಂತ ಹೇಳದಿದ್ದರೆ ವಾಕ್ಯ ಮುಗಿದ ಹಾಗೆ ಅನ್ನಿಸಲ್ಲ.

ನೈಟ್ ಡ್ಯೂಟಿ
ಈ ಚರ್ಚೆ ಮೂರು ದಿನದಿಂದ ಓದ್ತಿದ್ದೀನಿ. ಬರೀಬೇಕೋ ಬೇಡವೋ ಅಂತಿದ್ದೆ.

ನಾನೂ ನರ್ಸ್. ಶಿವಮೊಗ್ಗ ಅಲ್ಲ, ಬೇರೆ ಊರು. ಹಿಂದೂ. ಕನ್ಯಾಸ್ತ್ರೀ ಸಿಸ್ಟರ್‌ಗಳು ನಡೆಸೋ ಕಾಲೇಜಲ್ಲಿ ಕಲಿತವಳು, ಆ ಸಾಲು ಅಲ್ಲೇ ಗೊತ್ತಾಗಿದ್ದು. ಹತ್ತು ವರ್ಷದ ಹಿಂದೆ ಒಂದು ಕೂಸಿಗೆ ಹಾಗೆ ನೀರು ಹಾಕಿದ್ದೆ. ತಾಯಿಗೆ ಪ್ರಜ್ಞೆ ಇರಲಿಲ್ಲ, ಅಪ್ಪ ಕೈ ಮುಗಿದು ಕೇಳ್ಕೊಂಡ. ಆ ಪೆಟ್ಟಿಗೆಯೊಳಗೆ ತಲೆ ಅಂದ್ರೆ ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದು. ನೀರು ಜಾಸ್ತಿ ಬಿದ್ರೆ ಮೈ ತಣ್ಣಗಾಗುತ್ತೆ. ಸಿರಿಂಜನ್ನ ಅಂಗೈಲಿ ಹಿಡ್ಕೊಂಡು ಬೆಚ್ಚಗೆ ಮಾಡಿದ್ದೆ. ಹತ್ತಿಯಿಂದ ತಕ್ಷಣ ಒರೆಸಿದೆ. ಬೆಳಿಗ್ಗೆ ಐದಕ್ಕೆ ಕೂಸು ಹೋಯ್ತು.

ಅವತ್ತಿಂದ ಒಂದೇ ಕೊರೆತ. ನಾನು ನಂಬದ ಮಾತನ್ನ ಒಬ್ಬರ ಮಗುವಿನ ಹಣೆ ಮೇಲೆ ಹೇಳಿದೆನಲ್ಲ, ಅದು ಅವರಿಗೆ ಮಾಡಿದ ಮೋಸವಾ? ಆ ಅಪ್ಪ ನನ್ನ ಕೈ ಕಣ್ಣಿಗೆ ಒತ್ಕೊಂಡಿದ್ದ.

ನಿವೃತ್ತ ಉಪದೇಶಿ, ಸಾಗರ
ಅಮ್ಮಾ, ಮೋಸವಲ್ಲ. ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ.

ನಾಲ್ಕನೇ ಶತಮಾನದಲ್ಲಿ ಉತ್ತರ ಆಫ್ರಿಕಾದಲ್ಲಿ ದೊಡ್ಡ ಒಡಕಾಯಿತು. ರೋಮಿನ ಅಧಿಕಾರಿಗಳು ಹಿಂಸೆ ಕೊಟ್ಟಾಗ ಕೆಲವು ಗುರುಗಳು ಹೆದರಿ ಪವಿತ್ರಗ್ರಂಥಗಳನ್ನು ಒಪ್ಪಿಸಿಬಿಟ್ಟಿದ್ದರು. ಅಂಥ ದ್ರೋಹಿಗಳ ಕೈಯಿಂದ ಬಂದ ಸಂಸ್ಕಾರ ಮೈಲಿಗೆ, ನಡೆಯುವುದಿಲ್ಲ ಎಂದು ದೊನಾತನೆಂಬ ಬಿಷಪ್ಪನ ಕಡೆಯವರು ಹಟ ಹಿಡಿದರು. ತಮ್ಮ ಕಡೆ ಬಂದವರಿಗೆ ಮತ್ತೆ ಸ್ನಾನ ಮಾಡಿಸಿದರು. ಅವರ ವಿರುದ್ಧ ವರ್ಷಗಟ್ಟಲೆ ಬರೆದವರು ಸಂತ ಅಗಸ್ತೀನರು. ಅವರ ವಾದದ ತಿರುಳು ಇಷ್ಟೇ: ಪೇತ್ರ ನೀರು ಹಾಕಿದರೂ ಕೊಡುವವನು ಕ್ರಿಸ್ತ, ಯೇಸುವನ್ನು ಹಿಡಿದುಕೊಟ್ಟ ಯೂದ ಹಾಕಿದರೂ ಕೊಡುವವನು ಕ್ರಿಸ್ತ. ಕೊಡುವವರ ಯೋಗ್ಯತೆಯ ಮೇಲೆ ನಿಂತಿದ್ದರೆ ಯಾವ ಮಗುವಿನ ಜ್ಞಾನಸ್ನಾನವೂ ಖಾತರಿಯಿಲ್ಲ. ಗುರುವಿನ ಹೃದಯದಲ್ಲಿ ಆ ಹೊತ್ತು ಏನಿತ್ತು ಎಂದು ಬಲ್ಲವರಾರು?

ನಿಮ್ಮಿಂದ ಬೇಕಾಗಿದ್ದದ್ದು ನಮ್ಮ ನಂಬಿಕೆಯಲ್ಲ, ನಮ್ಮವರು ಮಾಡುವುದನ್ನು ಮಾಡುತ್ತೇನೆ ಎಂಬ ಮನಸ್ಸು. ಅದು ನಿಮಗಿತ್ತು. ಸಿರಿಂಜನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿದ್ದೀರಿ. ಮೂವತ್ತು ವರ್ಷ ಪಾಠ ಹೇಳಿದ್ದೇನೆ, ನೀರನ್ನು ಬೆಚ್ಚಗೆ ಮಾಡಿ ಎಂದು ಒಬ್ಬ ಸೂಲಗಿತ್ತಿಗೂ ನಾನು ಹೇಳಿಕೊಟ್ಟಿರಲಿಲ್ಲ.

ಹೊಳೆಗೆ ಇಳಿದವ
ಸಿಸ್ಟರ್, ನನ್ನ ವಾದ ನನ್ನದು, ಬಿಟ್ಟುಕೊಡಲ್ಲ. ಆದ್ರೆ ನಮ್ಮಲ್ಲಿ ಯಾರೂ ಆ ಕೂಸು ದೇವರಿಂದ ದೂರ ಆಯ್ತು ಅಂತ ಹೇಳಲ್ಲ. ಮಕ್ಕಳನ್ನ ತಡೀಬೇಡಿ ಅಂದಿದ್ದಾನೆ. ನೀವು ಅಳಬೇಡಿ.

ಮಾಸ್ತರಿಗೆ ಒಂದು ಮಾತು. ಕೊಡೋನು ಕ್ರಿಸ್ತ ಅನ್ನೋದನ್ನ ನಾನೂ ಒಪ್ತೀನಿ. ತಗೊಳ್ಳೋನು ಕೈ ಚಾಚಬೇಕು ಅನ್ನೋದಷ್ಟೇ ನನ್ನ ಹಟ.

ನಿವೃತ್ತ ಉಪದೇಶಿ, ಸಾಗರ
ಚಾಚಬೇಕು. ಅದಕ್ಕೇ ಕೂಸಿನ ಪರವಾಗಿ ತಂದೆತಾಯಿ, ಜ್ಞಾನತಂದೆ, ಜ್ಞಾನತಾಯಿ ಇರುವುದು. ಮುಂದೆ ದೃಢೀಕರಣ ಇರುವುದೂ ಅದಕ್ಕೇ. ಇನ್ನು ಮುಳುಗಿಸುವ ಮಾತು: ಮುಳುಗಿಸುವುದು ನಮ್ಮಲ್ಲೂ ನಿಷೇಧವಲ್ಲ. ಅಪೊಸ್ತಲರ ಕಾಲಕ್ಕೆ ತೀರ ಹತ್ತಿರದ ದಿದಾಖೆ ಎಂಬ ಪುಸ್ತಕದಲ್ಲಿ ಹರಿಯುವ ನೀರೇ ಆಗಲಿ ಎಂದಿದೆ. ಅದಿಲ್ಲದಿದ್ದರೆ ಬೇರೆ ನೀರು, ತಣ್ಣೀರು ಆಗದಿದ್ದರೆ ಬಿಸಿನೀರು, ಎರಡೂ ಸಾಲದಿದ್ದರೆ ತಲೆಯ ಮೇಲೆ ಮೂರು ಸಲ ಸುರಿಯಿರಿ ಎಂದೂ ಇದೆ. ನಿಮಗೆ ತುಂಗೆ ಸಿಕ್ಕಿತು, ಆ ಮಗುವಿಗೆ ಸಿರಿಂಜು ಸಿಕ್ಕಿತು.

ನೈಟ್ ಡ್ಯೂಟಿ
ಓದಿದೆ ಮಾಸ್ತರೇ. ಎರಡು ಸಲ ಓದಿದೆ. ಥ್ಯಾಂಕ್ಸ್.

ಮೇಗರವಳ್ಳಿ ಮಳೆ
ಎರಡು ವಾರ ಆಯ್ತು, ಏನಾಯ್ತು ಅಂತ ಹೇಳ್ಬೇಕಲ್ಲ.

ಚೀಟಿ ತಗೊಂಡು ನಮ್ಮ ಫಾದರ್ ಹತ್ರ ಹೋದ್ವಿ. ಯಜಮಾನರೂ ಬಂದ್ರು. ಫಾದರ್ ಅಮ್ಮನ್ನ ಕೂರಿಸ್ಕೊಂಡು ಕೇಳಿದ್ರು: ನೀರು ಚರ್ಮದ ಮೇಲೆ ಹರೀತಾ, ನೀರು ಬೀಳುವಾಗಲೇ ಮಾತು ಹೇಳಿದ್ರಾ, ನೀವೇ ಕಣ್ಣಾರೆ ನೋಡಿದ್ರಾ. ಒಬ್ಬ ಸಾಕ್ಷಿ ಸಾಕಂತೆ. ನರ್ಸಿಗೂ ಫೋನ್ ಮಾಡಿ ಮಾತಾಡಿದ್ರು. ಆಮೇಲೆ, "ಆಗಿದೆ. ನೀರು ಮತ್ತೆ ಹಾಕಲ್ಲ, ಉಳಿದದ್ದನ್ನ ಭಾನುವಾರ ಮಾಡೋಣ" ಅಂದ್ರು.

ಉಳಿದದ್ದು ಅಂದ್ರೆ ನೆತ್ತಿಗೆ ಕ್ರಿಸ್ಮಾ ತೈಲ, ಬಿಳಿ ಬಟ್ಟೆ, ಪಾಸ್ಖ (ಈಸ್ಟರ್) ಮೇಣದಬತ್ತಿಯಿಂದ ಹಚ್ಚಿದ ಚಿಕ್ಕ ಬತ್ತಿ. ತೈಲ ಬಿಷಪ್ ಪವಿತ್ರ ವಾರದಲ್ಲಿ ಮಂತ್ರಿಸಿದ್ದಂತೆ, ಶಿವಮೊಗ್ಗದಿಂದ ಬರೋದಂತೆ. ಮಗನ ತಲೆ ಎರಡು ದಿನ ಘಮ್ ಅಂತಿತ್ತು. ಅತ್ತೆ ತಾವೇ ಬಿಳಿ ಅಂಗಿ ಹೊಲಿಸ್ಕೊಂಡು ಬಂದಿದ್ರು. ಎಫೆಸ 4:5 ತೋರಿಸಿದ್ದು ಹಿಂದಿನ ಬೆಂಚಿನವರ ಪುಣ್ಯ. ಚಿಕ್ಕತ್ತೆ ಬಂದ್ರು, ಒಳಗೆ ಕೂರಲಿಲ್ಲ, ಬಾಗಿಲ ಹತ್ರ ನಿಂತು ಮಗು ಅತ್ತಾಗ ಎತ್ಕೊಂಡ್ರು.

ನರ್ಸನ್ನ ಕರೆದಿದ್ವಿ. ನೈಟ್ ಮುಗಿಸಿ ನೇರ ಬಸ್ಸಿಗೆ ಬಂದಿದ್ರು, ಕಣ್ಣು ಕೆಂಪು. ಪೂಜೆ ಆದ ಮೇಲೆ ಫಾದರ್ ದೊಡ್ಡ ರಿಜಿಸ್ಟರ್ ತೆಗೆದ್ರು. ಜ್ಞಾನಸ್ನಾನದ ತಾರೀಕು ಅಂತ ಇರೋ ಕಡೆ ಆ ಭಾನುವಾರದ್ದಲ್ಲ, ಆಷಾಢದ ಆ ರಾತ್ರಿ ತಾರೀಕು ಬರೆದ್ರು. ಅದರ ಮುಂದೆ ಕೊಟ್ಟವರು ಅನ್ನೋ ಕಾಲಂ. ಮೇಲಿಂದ ಕೆಳಗಿನವರೆಗೂ ಬರೀ ಫಾದರ್‌ಗಳ ಹೆಸರೇ. ಅಲ್ಲಿ ನರ್ಸ್ ಹೆಸರನ್ನ, ಇನಿಷಿಯಲ್ ಸರಿಯಾ ಅಂತ ಅವರನ್ನೇ ಕೇಳಿ ಬರೆದ್ರು. ಅವರು ಬಗ್ಗಿ ನೋಡಿ, "ಇದರಲ್ಲಿ ನನ್ನ ಹೆಸರು ಇರಬಹುದಾ?" ಅಂದ್ರು. "ನೀವೇ ತಾನೇ ಹಾಕಿದ್ದು, ಬೇರೆ ಯಾರದು ಬರೀಲಿ" ಅಂದ್ರು ಫಾದರ್.

ಪೇಪರ್‌ಟೌನ್ ತಂಬಿ
ಎಲ್ಲ ಸರಿ ಅಕ್ಕ, ಊಟಕ್ಕೆ ಎಂತ ಇತ್ತು?

ಮೇಗರವಳ್ಳಿ ಮಳೆ
ಇಡ್ಲಿ ಥರದ ಸಣ್ಣ, ಕೋಳಿ ಸುಕ್ಕ, ಹಂದಿ. ನರ್ಸ್ ಕಾರ್ತಿಕ ಸೋಮವಾರದವರೆಗೂ ಮಾಂಸ ಮುಟ್ಟಲ್ಲ ಅಂದ್ರು, ಅಮ್ಮ ಬೇರೆ ಒಲೇಲಿ ಪತ್ರೊಡೆ ಮಾಡಿಟ್ಟಿದ್ರು. ನಾಲ್ಕು ತಿಂದು, ಎರಡು ಕಟ್ಟಿಸ್ಕೊಂಡು ಹೋದ್ರು.